ಮುಟ್ಟಬಾರದ ಕಡತ

ಅಳಿಸಿದ್ದು ಹತ್ತು ವರ್ಷಗಳ ದಾಖಲೆ. ತೆರವಾದ ಜಾಗ ಎಳ್ಳಷ್ಟೂ ಇಲ್ಲ. ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವವಳು ಡಿಸ್ಕ್ ತುಂಬಿದೆ ಎಂದು ತೋರುತ್ತಿದ್ದ ಪರದೆಯ ಕೆಂಪು ಪಟ್ಟಿಯನ್ನೇ ದಿಟ್ಟಿಸಿದಳು. ಯಾರು ಯಾವಾಗ ಲಾಗಿನ್ ಆದರೆಂಬ ಹಳೆಯ ಸಾಲುಗಳನ್ನೆಲ್ಲ ತೆಗೆದಿದ್ದರೂ, ಒಳಗೆ ಟೊಳ್ಳಾದ ಆ ಕಡತ ಡಿಸ್ಕಿನಲ್ಲಿ ಹಿಡಿದ ಜಾಗವನ್ನು ಬಿಟ್ಟುಕೊಡಲಿಲ್ಲ. ಕಣಜ ಬರಿದಾದರೆ ಗೋಡೆ ಕುಗ್ಗುವುದುಂಟೆ? ಕುಗ್ಗಿಸಬೇಕಾದರೆ ಉಳಿದ ಸಾಲುಗಳನ್ನು ಹೊಸ ಕಡತಕ್ಕೆ ಬರೆಯಬೇಕು, ಬರೆಯಲು ಜಾಗವಿಲ್ಲ.

ಸ್ಕ್ಯಾನ್ ಕೋಣೆಯವನು ಬಾಗಿಲಿಗೆ ಬಂದ. "ಮೇಡಂ, ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾದ ಮಗು ಸ್ಕ್ಯಾನಿಗೆ ಮಲಗಿದೆ. ಡಿಸ್ಕ್ ತುಂಬಿದೆ ಅಂತ ಮಷೀನ್ ಮುಂದಕ್ಕೇ ಹೋಗ್ತಿಲ್ಲ. ಡಾಕ್ಟ್ರು ನನ್ನ ತಲೇನೇ ಬಿಚ್ಚಿ ನೋಡ್ತೀನಿ ಅಂತಿದ್ದಾರೆ."

ಅವಳ ಕೈ ಫೋನಿನ ಮೇಲೆ ತಡೆಯಿತು. ಇದೇ ಕುರ್ಚಿಯಿಂದ ನಿವೃತ್ತರಾದವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬೀಳ್ಕೊಡುಗೆಯ ದಿನ ಅವರು ಕೊಟ್ಟ ಕೈಬರಹದ ಸೂಚನೆಗಳ ಪುಸ್ತಕವನ್ನು ಇವಳು, "ಕಾಲ ಬದಲಾಗಿದೆ ದೊಡ್ಡಕ್ಕ, ಇದೆಲ್ಲ ಬೇಡ" ಎಂದು ಎಲ್ಲರೆದುರೇ ಹಿಂದಿರುಗಿಸಿದ್ದಳು. ಆದರೂ ಈಗ ಅವರಿಗೇ ಫೋನ್ ಮಾಡಿದಳು.

"ಹೇಳಮ್ಮ. ಜಾಗ ಸಾಲ್ತಿಲ್ವಾ?"

"ನಿಮಗೆ ಹೇಗೆ ಗೊತ್ತಾಯ್ತು?"

"ಕ್ಷೇಮ ವಿಚಾರಿಸೋಕೆ ಫೋನ್ ಮಾಡೋಳಲ್ವಲ್ಲ ನೀನು."

ಇವಳು ಮಗುವಿನ ವಿಷಯ ಹೇಳಿದಳು. ದೊಡ್ಡಕ್ಕನ ದನಿ ಬದಲಾಯಿತು. "'ಮುಟ್ಟಬೇಡಿ' ಅಂತ ಒಂದು ಕಡತ ಇದೆ ನೋಡು. ಅದನ್ನ ಅಳಿಸು."

"ನಲವತ್ತು ಜಿಬಿ ಇದೆ! ಒಳಗೇನಿದೆ?"

"ಬರೀ ಸೊನ್ನೆ ಕಣೇ. ಇಂಥ ದಿನಕ್ಕೇಂತ ಜಾಗ ಹಿಡಿದಿಟ್ಟಿದ್ದೆ. ಪುಸ್ತಕದ ಮೊದಲನೇ ಪುಟದಲ್ಲೇ ಬರೆದಿದ್ದೆ. ಇರ್ಲಿ ಬಿಡು. ಮೊದಲು ಮಗೂದು ಆಗ್ಲಿ. ಆಮೇಲೆ ನಿನ್ನ ಕಡತ ಕುಗ್ಗಿಸು."

ಅಳಿಸಿದಳು. ಕೆಂಪು ಪಟ್ಟಿ ಹಸಿರಾಯಿತು. ಅರ್ಧ ಗಂಟೆಯ ಮೇಲೆ ಸ್ಕ್ಯಾನ್ ಕೋಣೆಯವನು ಇಣುಕಿ, "ತಲೆಯೊಳಗೆ ರಕ್ತಸ್ರಾವ ಇಲ್ವಂತೆ ಮೇಡಂ. ಮಗು ಬಿಸ್ಕತ್ತು ಕೇಳ್ತಿದೆ" ಎಂದ.

ಸಂಜೆಯ ಹೊತ್ತಿಗೆ ಆ ಟೊಳ್ಳು ಕಡತವೂ ಕಾಲುಭಾಗಕ್ಕೆ ಇಳಿದಿತ್ತು. ಅವಳು ಮತ್ತೆ ಫೋನ್ ಮಾಡಿದಳು.

"ದೊಡ್ಡಕ್ಕ, ಆ ಪುಸ್ತಕ ಇನ್ನೂ ಇದೆಯಾ?"

"ಇದೆ. ಕಾಫಿ ಲೋಟದ ಕೆಳಗೆ ಇಡ್ತಿದ್ದೀನಿ. ನಾಳೆ ಬಂದು ತಗೊಂಡು ಹೋಗು. ಮಗು ಹೇಗಿದೆ, ಅದನ್ನ ಮೊದಲು ಹೇಳು."

ಹೇಳಿದಳು. ಬಳಿಕ ಬರೀ ಸೊನ್ನೆ ತುಂಬಿದ ನಲವತ್ತು ಜಿಬಿಯ ಹೊಸ ಕಡತವೊಂದನ್ನು ಮಾಡಿ, ಅದಕ್ಕೆ ಹಳೆಯ ಹೆಸರನ್ನೇ ಟೈಪಿಸಿದಳು. ಹೊರಡುವ ಮುನ್ನ ಪರದೆಯನ್ನು ತುಸು ಸರಿಸಿ, ಮೇಜಿನ ಮೇಲೆ ಒಂದು ಪುಸ್ತಕವಿಡುವಷ್ಟು ಜಾಗ ಮಾಡಿದಳು.