ಮ್ಯಾಲಕಿ ಟೂಹಿಯ ಹೆಗಲು

ಜಿಲ್ಲೆಯಲ್ಲಿ ಯಾರೇ ಸತ್ತರೂ ಮ್ಯಾಲಕಿ ಟೂಹಿ ಹಾಜರು. ಮನೆಯವರ ಕೈ ಹಿಡಿದು, ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ ಎಂದು, ಚಹಾ ಕುಡಿದು, ಇನ್ನೊಂದು ಸಾವಿನ ಮನೆಗೆ ಹೊರಡುತ್ತಾನೆ. ಒಂದಾದ ಮೇಲೊಂದು ಚುನಾವಣೆ ಗೆದ್ದದ್ದೇ ಹೀಗೆ. ತನ್ನ ತಮ್ಮ ಫಿಂಟನ್ ತೀರಿಕೊಂಡಾಗ ಆತ ಬಂದೇ ಬರುತ್ತಾನೆಂದು ಬ್ರೀಡಾ ಹಾನ್ಲನ್‌ಗೆ ಗೊತ್ತಿತ್ತು. ಬರಲಿ ಎಂದೇ ಹಲ್ಲು ಕಚ್ಚಿಕೊಂಡು ಕಾದಿದ್ದಳು.

ಮೊದಲು ಮ್ಯಾಲಕಿ ಬರೀ ವಕೀಲ. ಮಾಂಸದಂಗಡಿಯ ಮೇಲೊಂದು ಕೋಣೆ, ಹರಕು ಕುರ್ಚಿ. ಸಿಮೆಂಟ್ ಶೀಟಿನ ಕಾರ್ಖಾನೆಯ ಧೂಳು ಕುಡಿದು ಕೆಮ್ಮುತ್ತಿದ್ದ ಕೆಲಸಗಾರರ ಪರ ನಿಂತವನು ಆತನೊಬ್ಬನೇ, ಸುಳ್ಳೇಕೆ ಹೇಳಬೇಕು. ಅವರಲ್ಲೊಬ್ಬನಾದ ಫಿಂಟನ್‌ನನ್ನು ಕಟಕಟೆಗೆ ಹತ್ತಿಸಿ ಎಲ್ಲರೆದುರು ಕೆಮ್ಮಿಸಿದ. ಪತ್ರಿಕೆಗಳಲ್ಲಿ ವಕೀಲನ ಫೋಟೋ ಬಂತು. ಮೊಕದ್ದಮೆ ಬಿದ್ದುಹೋಯಿತು, ವಕೀಲ ಮೇಲೆದ್ದ. ಇಲ್ಲಿ ಸೋತದ್ದನ್ನು ಡಬ್ಲಿನ್‌ನ ಸಂಸತ್ತಿನಲ್ಲಿ ಗೆಲ್ಲುತ್ತೇನೆ, ಕಾನೂನನ್ನೇ ಬದಲಿಸುತ್ತೇನೆ ಎಂದು ವೋಟು ಕೇಳಿದ. ಫಿಂಟನ್ ಏದುಸಿರು ಬಿಡುತ್ತ ಕಂಬ ಕಂಬಕ್ಕೂ ಆತನ ಪೋಸ್ಟರ್ ಕಟ್ಟಿದ. ಗೆದ್ದವನಿಗೆ ಧೂಳಿನ ನೆನಪೇ ಇಲ್ಲ.

ಈಗ, ಆ ರೋಗ ಕಾರ್ಖಾನೆಯಿಂದಲೇ ಬಂದದ್ದೆಂದು ಒಪ್ಪಿಕೊಳ್ಳುವ ಮಸೂದೆಯನ್ನು ವಿರೋಧ ಪಕ್ಷದವರು ತಂದಿದ್ದರು. ಬುಧವಾರ ಮತದಾನ. ಮ್ಯಾಲಕಿಯ ಪಕ್ಷ ಬೇಡವೆಂದಿತ್ತು. ಒಂದೆರಡು ಮತಗಳಲ್ಲಿ ತೀರ್ಮಾನವಾಗುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಫಿಂಟನ್ ಸಿಗರೇಟು ಸೇದಿ ಸತ್ತನೆಂಬ ಕಂಪನಿಯ ಮಾತು ಸುಳ್ಳೆಂದು ಸಾಬೀತಾಗಬೇಕಿತ್ತು. ಬ್ರೀಡಾಳಿಗೆ ಬೇಕಿದ್ದದ್ದು ಅಷ್ಟೇ.

ಸೋಮವಾರ ಪೂಜೆ ಮುಗಿದು ಶವಪೆಟ್ಟಿಗೆ ಚರ್ಚಿನಿಂದ ಹೊರಬಂದಾಗ ಮ್ಯಾಲಕಿ ಮುಂದೆ ನುಗ್ಗಿ ಹೆಗಲು ಕೊಟ್ಟ. ಹೊರುವವರು ದಾರಿಯುದ್ದಕ್ಕೂ ಸರದಿ ಬದಲಿಸುವುದು ವಾಡಿಕೆ. ಫೋಟೋ ತೆಗೆಯುವವರೆಗೆ ಹೊತ್ತು, ಆಮೇಲೆ ಹಿಂದಿನವನಿಗೆ ಕಣ್ಸನ್ನೆ ಮಾಡುವುದು ಮ್ಯಾಲಕಿಯ ವಾಡಿಕೆ. ಈ ಸಲವೂ ಮಾಡಿದ. ಯಾರೂ ಬರಲಿಲ್ಲ. ಆತನ ಜಾಗಕ್ಕೆ ಒಬ್ಬರೂ ಹೋಗಕೂಡದೆಂದು ಬ್ರೀಡಾ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದಳು. ಉಳಿದವರೆಲ್ಲ ಹೆಗಲು ಬದಲಿಸಿದರು. ಜನನಾಯಕ ಮಾತ್ರ ಸ್ಮಶಾನದ ಏರನ್ನು ಪೂರ್ತಿ ಹತ್ತಿದ, ಮುಖ ಬೀಟ್‌ರೂಟ್ ಆಗುವವರೆಗೆ. ಹಿಂದೆ ನಡೆಯುತ್ತಿದ್ದ ಬ್ರೀಡಾಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು.

ಗುಂಡಿಯ ಬಳಿ ಆತ ಮೊಣಕಾಲು ಹಿಡಿದುಕೊಂಡು ನಿಂತ.

"ಉಸಿರು ಸಿಗ್ತಿಲ್ವಾ?" ಎಂದಳು ಬ್ರೀಡಾ. "ನಮ್ಮ ಫಿಂಟನ್‌ಗೆ ಜೀವಮಾನವೆಲ್ಲ ಹೀಗೇ ಇತ್ತು. ಬುಧವಾರ ಏನು ಮಾಡ್ತೀರಾ? ಇಲ್ಲೇ ಹೇಳಿ, ಅವನೆದುರಿಗೆ."

ಮ್ಯಾಲಕಿ ಬ್ರೀಡಾಳ ತಾಯಿಯ ಕಡೆ ತಿರುಗಿದ. ಮುದುಕಿ ಇಷ್ಟು ವರ್ಷ ಬೇರೆ ಯಾರಿಗೂ ವೋಟು ಹಾಕಿದವಳಲ್ಲ.

"ಫಿಂಟನ್ ಎದುರಿಗೇ ಹೇಳ್ತೀನಿ ಅಮ್ಮಾ, ಆ ಮಸೂದೆ ವಿರುದ್ಧ ನಾನು ವೋಟ್ ಹಾಕಲ್ಲ."

ಮುದುಕಿ ಗೊಳೋ ಎಂದು ಅತ್ತು ಆತನನ್ನು ತಬ್ಬಿಕೊಂಡಳು. ಬ್ರೀಡಾ ಕೂಡ ಕರಗಿದಳು. ಏರು ಹತ್ತಿಸಿದ್ದು ಹೆಚ್ಚಾಯಿತೇನೋ ಎಂದು ನಾಚಿಕೆಪಟ್ಟು ಆತನ ಕೈ ಹಿಡಿದಳು.

ಬುಧವಾರ ಮಸೂದೆ ಒಂದೇ ಒಂದು ಮತದಿಂದ ಬಿತ್ತು. ಮ್ಯಾಲಕಿ ಸಭೆಯಲ್ಲೇ ಇರಲಿಲ್ಲ. ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಯಾರದೋ ಶವಪೆಟ್ಟಿಗೆಗೆ ಹೆಗಲು ಕೊಡುತ್ತಿದ್ದ.

ಬ್ರೀಡಾ ಫೋನ್ ಮಾಡಿದಳು. ಆತ ಎತ್ತಿದ ಕೂಡಲೇ ಸಮಾಧಾನ ಹೇಳತೊಡಗಿದ. ತಾನು ಮಾತಿಗೆ ತಪ್ಪಿಲ್ಲವಂತೆ. ವಿರುದ್ಧ ಹಾಕುವುದಿಲ್ಲವೆಂದಿದ್ದ, ಹಾಕಲಿಲ್ಲ. ಎಷ್ಟಾದರೂ ವಕೀಲ. ಬ್ರೀಡಾಳಿಗೆ ಆತನಿಗಿಂತ, ಆತನ ಕೈ ಹಿಡಿದ ತನ್ನ ಮೇಲೇ ಸಿಟ್ಟು ಬಂತು.

"ಮುಂದಿನ ಸಾವಿನ ಮನೆ ಯಾವುದು ಹೇಳು," ಎಂದಳು. ಇಷ್ಟು ವರ್ಷದಲ್ಲಿ ಆತನನ್ನು ನೀನು ಅಂದದ್ದು ಅದೇ ಮೊದಲು. "ನಾನೂ ಬರ್ತೀನಿ. ಸಂತಾಪ ಹೇಳೋ ಸಾಲಿನಲ್ಲಿ ನಿನ್ನ ಮುಂದೇನೇ ನಿಂತ್ಕೋತೀನಿ. ನೀನು ಏನು ಮಾಡಿದೆ ಅಂತ ಆ ಮನೆಯವರಿಗೆ ಹೇಳ್ತೀನಿ. ಆ ಮನೆಗೂ ಬರ್ತೀನಿ, ಅದರ ಮುಂದಿನ ಮನೆಗೂ ಬರ್ತೀನಿ."

ಆತ ಏನೋ ಹೇಳುತ್ತಿದ್ದ. ಬ್ರೀಡಾ ಫೋನ್ ಇಟ್ಟು ಕಪ್ಪು ಕೋಟಿಗೆ ಕೈ ಹಾಕಿದಳು. ಒಲೆಯ ಬಳಿ ಕೂತಿದ್ದ ಮುದುಕಿ ಎದ್ದು, ನನ್ನ ಕೋಟೂ ತಾ ಎಂದಳು.