ಸೊಟ್ಟ ಕೊಂಬಿನ ಎತ್ತು

"ಏ ಸಾಬಾ, ಬ್ರಶ್ ಕೆಳಗಿಡ! ಕಳುವಿನ ಎತ್ತು ಬರ್ಯಾಕ ನಾಚಿಕಿ ಆಗೂದಿಲ್ಲೇನಲೇ?"

ಅಬ್ದುಲಮಜೀದ ಏಣಿಯ ಮೇಲಿಂದ ತಿರುಗಿ ನೋಡಿದ. ಕಾರಿನ ಬಾಗಿಲು ತೆರೆದಿಟ್ಟುಕೊಂಡು ರಾಜಶೇಖರ ನಿಂತಿದ್ದ. ತಾರಿಹಾಳದಲ್ಲಿ ದನದ ಹಿಂಡಿಯ ಕಾರ್ಖಾನೆ ಇಟ್ಟವನು. ವಯಸ್ಸಿನಲ್ಲಿ ಮಜೀದನ ಮಗನಾಗಬೇಕು. ಮುಗದ ಊರಿನಲ್ಲಿ ದಾಕ್ಷಾಯಿಣಿ ಹೊಸದಾಗಿ ತೆರೆದ ಹಿಂಡಿ ಅಂಗಡಿಯ ಗೋಡೆ ಅದು. ಎತ್ತಿನ ಮೈ, ಡುಬ್ಬ, ಕಣ್ಣು ಮುಗಿದಿದ್ದವು. ಕೊಂಬು ಮಾತ್ರ ಬಾಕಿ. ನಲವತ್ತು ವರ್ಷದಿಂದ ಮಜೀದ ಕೊಂಬನ್ನು ಕೊನೆಗೇ ಬರೆಯುವುದು.

"ಕಳುವು? ಯಾರದ್ರಿ?"

"ನಂದು." ರಾಜಶೇಖರ ಖಾಲಿ ಹಿಂಡಿಚೀಲವೊಂದನ್ನು ಅವನ ಮುಖಕ್ಕೆಸೆದ. "ನೋಡು. ಎ.ಐ. ಮಾಡಿದ ಚಿತ್ರ. ಕಾಪಿರೈಟ್ ನನ್ನ ಕಂಪನಿ ಹೆಸರಿಲೆ ರಜಿಸ್ಟರ್ ಆಗೇತಿ. ಇನ್ನ ಈ ಎತ್ತು ಎಲ್ಲೆರೆ ಬರದಿ, ಜೇಲಿಗಿ ಕಳಸ್ತೇನಿ ಭಾಡ್ಯಾ."

ಚೀಲದ ಮೇಲೆ ಗೋಡೆಯ ಮೇಲಿನಂಥದೇ ಎತ್ತು; ಅದರ ಎಡಗೊಂಬು ಸೊಟ್ಟಗಿತ್ತು. ಮಜೀದನಿಗೆ ಸಿಟ್ಟಿಗಿಂತ ಮೊದಲು ನಗು ಬಂತು. ಇಪ್ಪತ್ತು ವರ್ಷದ ಹಿಂದೆ ಇವನಪ್ಪ ಕುಬೇರಪ್ಪನ ಹುಬ್ಬಳ್ಳಿ ಅಂಗಡಿಯ ಗೋಡೆಗೆ ತಾನೇ ಬರೆದ ಎತ್ತು ಅದು. ಕೊಂಬು ಬರುವ ಜಾಗದಲ್ಲಿ ಮಾಳಿಗೆಯ ನೀರಿಳಿಯುವ ಪೈಪಿತ್ತು. ಅದನ್ನು ತಪ್ಪಿಸಲು ಕೊಂಬನ್ನು ಬಗ್ಗಿಸಿದ್ದ. ಆ ಗೋಡೆಯ ಫೋಟೋವನ್ನು ಕಂಪ್ಯೂಟರಿಗೆ ತಿನ್ನಿಸಿದ್ದಾರೆ. ಅದು ಪೈಪು ಬಿಟ್ಟು ಸೊಟ್ಟ ಕೊಂಬನ್ನಷ್ಟೇ ನುಂಗಿದೆ. ಕೊಂಬು ಯಾಕೆ ಸೊಟ್ಟಗಾಯಿತೆಂದು ಆ ಕಳ್ಳ ಕಂಪ್ಯೂಟರಿಗೇನು ಗೊತ್ತು!

"ನಿಮ್ಮಂಗಡಿ ಪೈಪಿನ ಸಲುವಾಗಿ ನಾನಽ ಬಗ್ಗಸಿದ ಕೊಂಬ್ರಿ ಅದು. ಹೋಗಿ ಗೋಡಿ ನೋಡ್ರಿ."

"ಏನ್ ನೋಡ್ಲಿ? ನಿನ್ನೆನಽ ಸುಣ್ಣಾ ಹೊಡಸೇನಿ."

ಮಜೀದನ ನಗು ಅಲ್ಲಿಗೇ ನಿಂತಿತು. ಏಣಿ ಇಳಿದ.

ಮಗಳು ತಸ್ಲೀಮಾ ಬಿಡಲಿಲ್ಲ. ಕಾಪಿರೈಟ್ ಕಾಯ್ದೆ ಬಿಗಿಯಾದರೆ ಕಲಾವಿದರು ಬದುಕುತ್ತಾರೆಂದು ನಂಬಿ, ಧಾರವಾಡದ ಸಪ್ತಾಪುರದಲ್ಲಿ ವಿದ್ಯಾರ್ಥಿಗಳ ಬಾಡಿಗೆ ಕೋಣೆ ಕೋಣೆಗೂ ಅಲೆದು ಸರಕಾರಕ್ಕೆ ಬರೆದ ಅರ್ಜಿಗೆ ಸಹಿ ಹಾಕಿಸಿದವಳು ಅವಳು. ಮರುದಿನವೇ ಅಪ್ಪನನ್ನು ಧಾರವಾಡದ ವಕೀಲ ಮಹಾಂತಯ್ಯನ ಮುಂದೆ ಕೂಡಿಸಿದಳು.

"ಬರದಾಂವಗ ಕಾಯ್ದ್ಯಾಗ ಈಗೂ ಹಕ್ಕು ಐತಿ ತಂಗಿ," ಎಂದ ವಕೀಲ. "ಬರದಾಂವ ಯಾರಂತ ತೋರಸಬೇಕಲ್ಲ? ಮಜೀದಸಾಬ್, ಗೋಡಿ ಮ್ಯಾಲ ಹೆಸರು ಹಾಕಿದ್ರೇನು?"

"ಮಂದಿ ಗೋಡಿ ಮ್ಯಾಲ ಪೇಂಟರ್ ತನ್ನ ಹೆಸರು ಬರೀಬಾರದ್ರಿ. ಉಸ್ತಾದರು ಕಲಿಸಿದ್ದು."

"ಫೋಟೋ?"

"ಇಲ್ರಿ."

"ಅವನ ಕೈಯಾಗ ರಜಿಸ್ಟರ್ ಕಾಗದ ಐತಿ. ನಿಮ್ಮ ಕೈಯಾಗೇನೈತಿ?"

ಮಜೀದ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ ಒಣಗಿತ್ತು.

"ಕಾಯ್ದೆ ಇನ್ನೂ ಬಿಗಿ ಮಾಡಿದ್ರ?" ತಸ್ಲೀಮಾ ಕೇಳಿದಳು.

"ಬಿಗಿ ಆದಷ್ಟು ಕಾಗದ ಇದ್ದಾಂವಗ ಛಲೋ. ಜೇಲು ನಿಮ್ಮಪ್ಪಗಽ."

"ಹಂಗಾರ ಕಾಯ್ದೆ ಬ್ಯಾಡೇನ್ರಿ?"

"ಬೇಕವ್ವಾ. ಆದ್ರ ಅದನ್ನ ಬರಿಯೂವಾಗ ನಿಮ್ಮಪ್ಪನಂಥವ್ರನ್ನ ಯಾಂವ ಕೇಳ್ಯಾನು?"

ಬಸ್ಸಿನಲ್ಲಿ ಮಜೀದ ಉಗುರಿನ ಬಣ್ಣ ಕೆರೆಯುತ್ತ ಕೂತ. ತನ್ನದೆನ್ನಲು ಆ ಎತ್ತೊಂದೇ ಇತ್ತು ಅವನಿಗೆ, ಅದನ್ನೂ ಕಸಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಮುಗದದಲ್ಲಿ ಏಣಿ ಹಾಕಿದ.

"ಕಾಕಾ, ಬ್ಯಾರೆ ಏನರೆ ಬರೀರಿ," ದಾಕ್ಷಾಯಿಣಿ ಅಂಜುತ್ತಲೇ ಹೇಳಿದಳು. "ಆಕಳಾ ಬರೀರಿ."

"ನಿಮಗ ತ್ರಾಸ ಆಗತೈತಂದ್ರ ಹೇಳವ್ವಾ, ಈಗಽ ಇಳೀತೇನಿ."

ದಾಕ್ಷಾಯಿಣಿ ಕೊಂಬಿಲ್ಲದ ಎತ್ತನ್ನು ನೋಡಿದಳು, ಅವನನ್ನು ನೋಡಿದಳು. "ಆ ಹಲ್ಕಟ್ ಏನ್ ಕಿಸೀತಾನ? ಬರೀರಿ."

ಆ ಗೋಡೆಯ ಮೇಲೆ ಪೈಪಿರಲಿಲ್ಲ, ಕಿಟಕಿಯಿರಲಿಲ್ಲ, ಒಂದು ಮೊಳೆಯೂ ಇರಲಿಲ್ಲ. ಮಜೀದ ಬಲಗೊಂಬನ್ನು ನೆಟ್ಟಗೆ ಎಳೆದ. ಎಡಗೊಂಬನ್ನು, ಇಲ್ಲದ ಪೈಪನ್ನು ತಪ್ಪಿಸುವಂತೆ, ಸೊಟ್ಟಗೆ ಬಗ್ಗಿಸಿದ.

ಆಮೇಲೆ ಕರಿ ಬಣ್ಣದ ಡಬ್ಬಿ ತೆರೆದ. ಎತ್ತಿನ ಕಾಲಡಿಯಲ್ಲಿ, ಗೋಡೆಯ ಈ ತುದಿಯಿಂದ ಆ ತುದಿಗೆ, ಮೊಳದುದ್ದದ ಅಕ್ಷರಗಳಲ್ಲಿ ತನ್ನ ಹೆಸರು ಬರೆಯತೊಡಗಿದ. ಎಷ್ಟೋ ಅಂಗಡಿಗಳಿಗೆ ಹೆಸರು ಬರೆದವನು ತನ್ನ ಹೆಸರಿನ ಮೊದಲನೆಯ ಅಕ್ಷರವನ್ನು ಎರಡು ಸಲ ತಿದ್ದಿದ.

ಹಿಂದೆ ಕಾರು ನಿಂತ ಸದ್ದಾಯಿತು. ರಾಜಶೇಖರ ಮೊಬೈಲ್ ಎತ್ತಿ ಹಿಡಿದಿದ್ದ. "ಬರಿಯಲೇ, ಬರಿ. ಕೋರ್ಟಿಗಿ ಇದಽ ಸಾಕು."

ಮಜೀದ ತಿರುಗಲಿಲ್ಲ.

"ತಡೀರಿ," ಎಂದ. "ಇನ್ನೂ ಎರಡಕ್ಷರ ಅದಾವು. ಪೂರಾ ಬರಲಿ ಫೋಟೋದಾಗ."