ವಾಲಿದ ತಟ್ಟೆ

ಮಲಗಿ ಬಹಳ ಹೊತ್ತಾದ ಮೇಲೆ ಪಡಸಾಲೆಯಲ್ಲಿ ತಗಡು ಟಿಕ್ ಎಂದಿತು. ಇಲಿಯಿರಬೇಕು ಎಂದುಕೊಂಡೆ. ಎದ್ದು ನೋಡಬೇಕೆನಿಸಿತು, ಆದರೆ ಪ್ರತಿ ಸಪ್ಪಳಕ್ಕೂ ಏಳುವ ನನ್ನನ್ನು ಮನೆಯೊಡತಿ ಶೆಟ್ಟೆವ್ವ ಆಡಿಕೊಳ್ಳುತ್ತಾಳೆಂದು ಸುಮ್ಮನಾದೆ.

ಅಲ್ಲಿ ನನ್ನ ಬಾಹ್ಯಾಕಾಶ ನೌಕೆಯ ಮಾದರಿ ಇತ್ತು. 1979ರಲ್ಲಿ ನಾನು ಬಸವನ ಬಾಗೇವಾಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಶುಕ್ರಗ್ರಹವನ್ನು ಸದಾ ಮೋಡ ಮುಚ್ಚಿರುತ್ತದೆ; ಕ್ಯಾಮೆರಾಕ್ಕೆ ನೆಲ ಕಾಣದು. ರೇಡಾರ್ ಅಲೆ ಮಾತ್ರ ಮೋಡ ದಾಟಿ ನೆಲ ಮುಟ್ಟಿ ಮರಳುತ್ತದೆ. ಗ್ರಹವನ್ನು ಸುತ್ತುತ್ತ ಹಾಗೆ ನಕ್ಷೆ ಬರೆಯುವ ನೌಕೆ ಹೇಗಿರಬೇಕೆಂದು ಮಳೆಗಾಲವಿಡೀ ಗೀಚಿ, ತಗಡು ಕತ್ತರಿಸಿ, ಹಳೆಯ ತಕ್ಕಡಿಯ ತಟ್ಟೆಯನ್ನೇ ಆಂಟೆನಾ ಮಾಡಿದ್ದೆ. ಅದನ್ನು ಬೇಕೆಂದೇ ಒಂದು ಮಗ್ಗುಲಿಗೆ ವಾಲಿಸಿದ್ದೆ. ನೇರ ಕೆಳಗೆ ನೋಡಿದರೆ ಎಡದ ಗುಡ್ಡದ ಮರುದನಿಯೂ ಬಲದ ಗುಡ್ಡದ್ದೂ ಒಟ್ಟಿಗೇ ಬಂದು ಕಲೆತುಹೋಗುತ್ತವೆ. ವಿನ್ಯಾಸದ ಜೀವವೇ ಆ ವಾಲು.

ಶಿಕ್ಷಕರ ವಿಜ್ಞಾನ ಪ್ರದರ್ಶನದಲ್ಲಿ ಆಯ್ಕೆಯಾದವರಿಗೆ ಬೆಂಗಳೂರಿನಲ್ಲಿ ಶಿಬಿರವಿತ್ತು. ಇಂಥದ್ದನ್ನು ಮಾತಾಡುವವರು ಅಲ್ಲಿರುತ್ತಾರೆ. ಈ ಊರಿಗೆ ಬಂದ ಮೇಲೆ ನನಗೆ ಅಂಥವರು ಒಬ್ಬರೂ ಸಿಕ್ಕಿರಲಿಲ್ಲ.

ಮರುದಿನ ಪ್ರದರ್ಶನಕ್ಕೆ ಶೆಟ್ಟೆವ್ವ ತಾನೇ ಮಾದರಿಗೆ ಪಂಚೆ ಸುತ್ತಿ ಹೊತ್ತು ತಂದಳು. ಬಿಚ್ಚಿದೆ. ತಗಡಿನ ಮೈತುಂಬ ವಿಭೂತಿ, ಕುಂಕುಮ. ತಟ್ಟೆ ನೆಟ್ಟಗೆ ನೆಲ ನೋಡುತ್ತಿತ್ತು.

“ಹೊಸಾ ಗಾಡಿಗೆ ಪೂಜಾ ಬ್ಯಾಡೇನ್ರಿ ಅಕ್ಕಾರ?” ಎಂದಳು ಶೆಟ್ಟೆವ್ವ. “ರಾತ್ರಿ ನೋಡಿದ್ರ ಕುತಿಗಿ ಸೊಟ್ಟ ಮಾಡ್ಕೊಂಡು ಕುಂತಿತ್ತು, ಸಿಟ್ಟ ಬಂದ ಸೊಸಿ ಹಂಗ! ಕುಂಕುಮ ಹಚ್ಚಿ ನೆಟ್ಟಗ ಮಾಡೇನಿ.”

“ನೋಡವ್ವಾ ನಮ್ಮ ಇಂಜಿನೇರನ್ನ!” ಎಂದು ಅವಳ ಜೊತೆ ಪ್ರದರ್ಶನ ನೋಡಲು ಬಂದಿದ್ದ ಪಕ್ಕದ ಮನೆಯ ಹನಮವ್ವ ನಕ್ಕಳು. ಶೆಟ್ಟೆವ್ವ ಹಿಗ್ಗಿ ಸೆರಗು ಸರಿಮಾಡಿಕೊಂಡಳು.

ಅಷ್ಟರಲ್ಲಿ ಪರೀಕ್ಷಕರು ಬಂದರು. ಹಣಮಂತ್ರಾಯರು, ಕಾಲೇಜಿನ ಪ್ರಾಧ್ಯಾಪಕರು. ಬಗ್ಗಿ ನೋಡಿದರು, ಕಣ್ಣು ಅರಳಿತು.

“ರೇಡಾರ್ ನಕ್ಷೆ! ಛಲೋ ವಿಚಾರ ಮಾಡೀರಿ. ಆದ್ರ ಅಕ್ಕಾರ, ಹಿಂಗ ನೆಟ್ಟಗ ನೋಡಿದ್ರ ಎಡಾ ಯಾವ್ದು, ಬಲಾ ಯಾವ್ದು, ಹೆಂಗ ತಿಳೀತೈತಿ?”

ಇಷ್ಟು ದಿನ ಯಾರಾದರೂ ಕೇಳಲೆಂದು ಕಾಯುತ್ತಿದ್ದ ಪ್ರಶ್ನೆ. ಬೆರಳಿನಿಂದ ತಟ್ಟೆಯನ್ನು ಒತ್ತಿದ್ದರೆ ಸಾಕಿತ್ತು. ಶೆಟ್ಟೆವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅದು ನನ್ನ ಲಕ್ಷ್ಯಕ್ಕ ಬರಲಿಲ್ರಿ,” ಎಂದೆ.

“ಇರ್ಲಿ, ಮುಂದಿನ ವರ್ಷ ನೋಡೂಣು,” ಎಂದು ಅವರು ಮುಂದಿನ ಮೇಜಿಗೆ ಹೋದರು. ಇಂಡಿ ಊರಿನ ಶಿಕ್ಷಕರೊಬ್ಬರ ನೀರೆತ್ತುವ ಯಂತ್ರ ಆಯ್ಕೆಯಾಯಿತು.

“ಯಾಕ ಆಗಲಿಲ್ರಿ?” ಮನೆಗೆ ಬಂದ ಮೇಲೆ ಶೆಟ್ಟೆವ್ವ ಕೇಳಿದಳು.

“ನನ್ನ ಲೆಕ್ಕದಾಗ ತಪ್ಪಿತ್ತು.”

“ಸುಡ್ಲಿ ಆ ಲೆಕ್ಕಾ. ಮಾರಿ ಬಾಡೇತಿ, ಮೊದಲ ಉಣಬರ್ರಿ.”

ಈ ಊರಿನಲ್ಲಿ ನನ್ನ ಮುಖ ಬಾಡಿದ್ದನ್ನು ಕಾಣುವವಳು ಅವಳೊಬ್ಬಳೇ. ತಟ್ಟೆ ವಾಲಿಸಲು ಚಾಚಿದ ಕೈಯನ್ನು ಹಿಂತೆಗೆದೆ. ಅವಳಿಗಷ್ಟೇ ಅಲ್ಲ, ಯಾರಿಗೂ ತಟ್ಟೆ ನೆಟ್ಟಗಾದ ಕತೆಯನ್ನು ಹೇಳಬಾರದೆಂದು ನಿಶ್ಚಯಿಸಿ, ಕೈ ತೊಳೆದುಕೊಂಡು ಊಟಕ್ಕೆ ಕುಳಿತೆ.